ನನ್ನ ಮೈಕ್ ಮ್ಯೂಟ್ ಆಗಿದ್ದಾಗ ಕೇಳಿಸಿಕೊಂಡವರಿಗೆ

ಮೊನ್ನೆಗೆ ಒಂದು ವರ್ಷ ಆಯಿತು. 2025ರ ಫೆಬ್ರವರಿಯ ಒಂದು ಮಂಗಳವಾರ, ಇಪ್ಪತ್ತೈದು ವರ್ಷ ಎಂಟು ತಿಂಗಳು ಮಾಡಿದ ನನ್ನ ಕೆಲಸ 11 ನಿಮಿಷದ ಒಂದು ವಿಡಿಯೋ ಕಾಲ್‌ನಲ್ಲಿ ಮುಗಿದು ಹೋಯಿತು. ಇಷ್ಟು ದಿನ ಇದನ್ನು ಎಲ್ಲೂ ಬರೆದಿರಲಿಲ್ಲ. ನಾಚಿಕೆ ಅಂತಲೇ ಅಂದುಕೊಳ್ಳಿ. ಈಗಲೂ ಕಂಪನಿಯನ್ನು ಬೈಯೋಕೆ ಅಂತ ಬರೆಯುತ್ತಿಲ್ಲ. ನಡುವೆ ಸ್ವಲ್ಪ ಬೈದರೆ ಸಹಿಸಿಕೊಳ್ಳಿ. ಒಂದಷ್ಟು ಜನರಿಗೆ ಹೇಳಬೇಕಾದ ಮಾತು ನನ್ನ ಹತ್ತಿರ ಬಾಕಿ ಉಳಿದಿದೆ, ಅದಕ್ಕೆ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಕಲಬುರಗಿಯ ಬ್ರಹ್ಮಪುರದವನು. ಊರನ್ನು ಇನ್ನೂ ಗುಲಬರ್ಗಾ ಅಂತಿದ್ದ ಕಾಲದಲ್ಲಿ ಪಿಡಿಎ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಅಲ್ಲಿ ಇಲ್ಲಿ ಮಾಡಿ, 1999ರ ಜೂನ್‌ನಲ್ಲಿ ಬೆಂಗಳೂರಿನ ಆ ಕಂಪನಿ ಸೇರಿದೆ. ಕೆಲಸ ಆಡಿಯೋ. ಹಾಡು ರೆಕಾರ್ಡ್ ಮಾಡೋದಲ್ಲ, ಅದಕ್ಕಿಂತ ಬೋರು. ನೀವು ಸ್ಪೀಕರ್ ಫೋನ್ ಹಾಕಿ ಮಾತಾಡುವಾಗ ಆ ಕಡೆಯವರ ದನಿ ನಿಮ್ಮ ಸ್ಪೀಕರ್‌ನಿಂದ ಹೊರಗೆ ಬಂದು, ಗೋಡೆಗೆ ಬಡಿದು, ನಿಮ್ಮ ಮೈಕ್‌ಗೇ ಬಿದ್ದು, ವಾಪಸ್ ಅವರ ಕಿವಿಗೆ ಹೋಗಬೇಕು, ಅಲ್ವಾ? ಹೋಗಲ್ಲ. ಯಾಕಂದ್ರೆ ನಡುವೆ ಒಂದು ಪ್ರೋಗ್ರಾಂ ಕೂತಿರುತ್ತದೆ. ಈ ರೂಮು ಆ ದನಿಯನ್ನು ಹೇಗೆ ತಿರುಗಿಸಿ ಕೊಡುತ್ತಿದೆ ಅಂತ ಗಳಿಗೆ ಗಳಿಗೆಗೂ ಲೆಕ್ಕ ಹಾಕಿ ಅಷ್ಟನ್ನು ಕಳೆಯುತ್ತಿರುತ್ತದೆ. ಅದಕ್ಕೆ ಎಕೋ ಕ್ಯಾನ್ಸಲರ್ ಅಂತಾರೆ. ಒಬ್ಬರು ಮಾತಾಡಿ ಒಬ್ಬರು ಕೇಳಿದರೆ ಅದಕ್ಕೆ ಕಷ್ಟ ಇಲ್ಲ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾವುದು ದನಿ ಯಾವುದು ಮಾರ್ದನಿ ಗೊತ್ತಾಗದೆ ಅದು ತಲೆ ಕೆಡಿಸಿಕೊಂಡು ಬಿಡುತ್ತದೆ. ನನ್ನ ಅರ್ಧ ಆಯುಷ್ಯ ಹೋಗಿದ್ದು ಅಲ್ಲೇ.

ಆವತ್ತು ಬೆಳಿಗ್ಗೆ ನಾನು ಆನೆಕೋಯಿಕ್ ಚೇಂಬರ್‌ನಲ್ಲಿದ್ದೆ. ಆರೂ ಕಡೆ ಫೋಮಿನ ಚೂಪು ತುಂಡುಗಳನ್ನು ಜೋಡಿಸಿದ, ಸದ್ದು ವಾಪಸ್ ಬಾರದ ಕೋಣೆ ಅದು. ಒಳಗೆ ಸುಮ್ನೆ ನಿಂತರೆ ನಮ್ಮ ಎದೆ ಬಡಿತ ನಮಗೇ ಕೇಳುತ್ತದೆ. ಫೋನ್ ಸಿಗ್ನಲ್ ಬರಲ್ಲ. ಹೊರಗೆ ಬಂದಾಗ ಹೆಸರಿಲ್ಲದ ಒಂದು ಮೀಟಿಂಗ್, ಶುರುವಾಗಿ ಆಗಲೇ ಒಂದು ನಿಮಿಷ. ಜಾಯಿನ್ ಆದೆ. ನಲವತ್ತಕ್ಕೂ ಜಾಸ್ತಿ ಜನ ಇದ್ದರು. ಒಬ್ಬರು ಮುಂದಿದ್ದ ಕಾಗದ ನೋಡಿಕೊಂಡು ಓದುತ್ತಿದ್ದರು.

ಖರೇ ಹೇಳುತ್ತೇನೆ, ಮೊದಲ ಎರಡು ಮೂರು ನಿಮಿಷ ನಾನು ಕೇಳಿಸಿಕೊಂಡಿದ್ದು ಮಾತನ್ನಲ್ಲ, ರೂಮನ್ನು. ಗಾಜಿನ ಗೋಡೆ. ಖಾಲಿ ಮೇಜು. ಮೈಕು ಬಾಯಿಯಿಂದ ಒಂದು ಮೀಟರ್‌ಗಿಂತ ದೂರ. ಪ್ರತಿ ಪದದ ಹಿಂದೆ ಮಾರ್ದನಿಯ ಒಂದು ಬಾಲ. ಪಾಪ, ಏನೋ ಮುಖ್ಯವಾದದ್ದು ಹೇಳುತ್ತಿದ್ದಾರೆ, ಲ್ಯಾಪ್‌ಟಾಪ್ ಸ್ವಲ್ಪ ಹತ್ತಿರ ಎಳ್ಕೊಳ್ರೀ ಅಂತ ಹೇಳೋಣ ಅಂತ ಮ್ಯೂಟ್ ಬಟನ್ ಒತ್ತಿದೆ. ಆಗಲಿಲ್ಲ. ಎಲ್ಲರ ಮೈಕನ್ನೂ ಅವರೇ ಮ್ಯೂಟ್ ಮಾಡಿ ಬೀಗ ಹಾಕಿದ್ದರು. ಆಗ ನನಗೆ ವಿಷಯ ಗೊತ್ತಾಯಿತು.

ಆಮೇಲಿನದು ಬೇಗ ಬೇಗ ಆಯಿತು. ಕಾಲ್ ಕಟ್, ಲ್ಯಾಪ್‌ಟಾಪ್ ಲಾಕ್, ಗೇಟಿನಲ್ಲಿ ಕಾರ್ಡ್ ಕೆಂಪು. ನನ್ನ ಕೈಬರಹದ ಹದಿನೇಳು ನೋಟ್‌ಬುಕ್ಕು ಮೇಜಿನಲ್ಲೇ ಉಳಿದವು. ಯಾವ ಸ್ಪೀಕರ್ ಯಾವ ಕೋಣೆಯಲ್ಲಿ ಹೇಗೆ ಕೇಳಿಸಿತು ಅಂತ ಇಪ್ಪತ್ತೈದು ವರ್ಷ ಬರೆದಿಟ್ಟದ್ದು. ಕೇಳಿದರೆ ಅವು ಕಂಪನಿಯ ಆಸ್ತಿ ಅಂದರು. ಕಾನೂನು ಹಾಗೇ ಇರಬಹುದು. ನಾನು ಬೈಯುತ್ತೇನೆ ಅಂದಿದ್ದು ಇದಕ್ಕೇ, ಕೆಲಸ ಹೋಗಿದ್ದಕ್ಕಲ್ಲ.

ಮೊದಲ ಥ್ಯಾಂಕ್ಸ್ ಗೇಟಿನ ಸೆಕ್ಯುರಿಟಿ ಅಣ್ಣನಿಗೆ. ಸುರಪುರ ಕಡೆಯವರು. ನಾವಿಬ್ಬರೂ ದಿನಾ ನಮ್ಮ ಭಾಷೆಯಲ್ಲಿ ಎರಡು ಮಾತಾಡಿಕೊಂಡೇ ಒಳಗೆ ಹೋಗುತ್ತಿದ್ದೆವು, ಅಷ್ಟೇ ಪರಿಚಯ. ಆ ರಾತ್ರಿ ಫೋನ್ ಮಾಡಿದರು. "ಸಾಹೇಬ್ರ, ನಿಮ್ ಊಟದ ಡಬ್ಬಿ ಒಳಗ ಉಳದಿತ್ತು. ಇಸ್ಕೊಂಡು ತೊಳದು ಇಟ್ಟೀನಿ. ರೊಟ್ಟಿ ಕೆಡ್ತಾವಂತ ನಾನೇ ತಿಂದೀನ್ರಿ." ಎರಡು ದಿನ ಬಿಟ್ಟು, ನೈಟ್ ಡ್ಯೂಟಿ ಮುಗಿಸಿ, ಎರಡು ಬಸ್ ಬದಲಿಸಿ ಡಬ್ಬಿ ಮನೆಗೆ ತಂದುಕೊಟ್ಟರು. ಕಂಪನಿ ಕಡೆಯಿಂದ ನನ್ನ ಮನೆ ಬಾಗಿಲಿಗೆ ಬಂದ ಒಬ್ಬರೇ ಒಬ್ಬರು ಅವರು. ಅವರಿಗೂ ಸಂಬಳ ಕೊಡೋದು ಕಂಪನಿ ಅಲ್ಲ, ಕಾಂಟ್ರಾಕ್ಟರು.

ಆಮೇಲಿನ ಮೂರು ವಾರ ಬಿಟ್ಟುಬಿಡೋಣ. ಲಿಫ್ಟ್‌ನಲ್ಲಿ ಯಾರಾದರೂ "ಇವತ್ತು ರಜಾನಾ?" ಅಂದರೆ ವರ್ಕ್ ಫ್ರಮ್ ಹೋಮ್ ಅಂತ ಸುಳ್ಳು ಹೇಳುತ್ತಿದ್ದೆ ಅನ್ನೋದು ಬಿಟ್ಟರೆ ಹೇಳೋಕೆ ಏನೂ ಇಲ್ಲ. ಒಂದು ದಿನ ನಮ್ಮ ಮನೆಯಾಕಿ ಕೈಯಿಂದ ಫೋನ್ ಕಸಿದುಕೊಂಡು, ಅಡುಗೆ ಮನೆಯ ಮಿಕ್ಸರ್ ತಂದು ಮುಂದೆ ಇಟ್ಟಳು. "ಇದು ಯಾಕ ಕಿರಚ್ತದ ನೋಡು. ಮಿಕ್ಸರ್ ಇಂಜಿನಿಯರ್ ಅಲ್ಲೇನು ನೀನು." ಬುಷ್ ಸವೆದಿತ್ತು. ಬಿಚ್ಚದೆಯೇ ದನಿಯಲ್ಲೇ ಗೊತ್ತಾಯಿತು. ಐವತ್ತು ರೂಪಾಯಿಯ ಬುಷ್ ತಂದು ಹಾಕಿದೆ. ಆ ದಿನ ಸ್ನಾನ ಮಾಡಿ ಹೊರಗೆ ಹೋದೆ. ಅವಳಿಗೆ ಇಲ್ಲಿ ಥ್ಯಾಂಕ್ಸ್ ಅಂತ ಬರೆದರೆ ನಗುತ್ತಾಳೆ. ಬರೆದಿದ್ದೇನೆ, ನಗಲಿ.

ಇನ್ನೊಬ್ಬರ ವಿಷಯ ಬರೆಯೋದು ಕಷ್ಟ. ಆದರೆ ಅದನ್ನು ಬಿಟ್ಟರೆ ಈ ಬರಹಕ್ಕೆ ಅರ್ಥ ಇಲ್ಲ.

ಕೆಲಸ ಹೋದ ಮೇಲೆ ಯಾರು ಫೋನ್ ಮಾಡಿದರು, ಯಾರು ಮಾಡಲಿಲ್ಲ ಅಂತ ನಾನು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದೆ. ಕೆಟ್ಟ ಚಾಳಿ, ಆದರೂ ಮಾಡುತ್ತಿದ್ದೆ. ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ನೆನಪಾಯಿತು: 2009ರಲ್ಲಿ, ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ ಮರುವರ್ಷ, ನಮ್ಮ ಟೀಮಿನ ಒಬ್ಬ ಸೀನಿಯರ್‌ನ್ನು ಇದೇ ತರ ತೆಗೆದಿದ್ದರು. ನನಗೆ ಅಡಾಪ್ಟಿವ್ ಫಿಲ್ಟರ್ (ಎಕೋ ಕ್ಯಾನ್ಸಲರ್ ಒಳಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಹೋಗುವ ಲೆಕ್ಕ) ಅಂದರೇನು ಅಂತ ಕಾಗದದ ಮೇಲೆ ಬರೆದು ಕಲಿಸಿದವರು ಅವರು. ನಾನು ಫೋನ್ ಮಾಡಿದ್ದೆನಾ? ಇಲ್ಲ. ಏನು ಮಾತಾಡೋದು ಅಂತ ಮೊದಲ ವಾರ ಮಾಡಲಿಲ್ಲ, ತಡ ಆಯಿತಲ್ಲ ಅಂತ ಆಮೇಲೆ ಮಾಡಲಿಲ್ಲ, ಹಾಗೇ ಹದಿನಾರು ವರ್ಷ ಹೋಯಿತು. ಮರುದಿನ ಹಳೇ ನಂಬರ್ ಹುಡುಕಿ ಹಚ್ಚಿದೆ. ಎತ್ತಿದರು. ತಪ್ಪಾಯ್ತು ಸರ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ನಗು. "ಹದಿನಾರು ವರ್ಷ ಡಿಲೇ. ನಿನ್ನ ಕ್ಯಾನ್ಸಲರ್ ಇಷ್ಟು ಉದ್ದದ ಬಾಲ ಹಿಡಿಯುತ್ತಾ?" ಆಮೇಲೆ ಒಂದೂವರೆ ಗಂಟೆ ಮಾತಾಡಿದೆವು. ಸರ್, ನಿಮಗೆ ಥ್ಯಾಂಕ್ಸ್. ನನಗೆ ಫೋನ್ ಮಾಡದವರಿಗೆ: ನೀವು ಯಾಕೆ ಮಾಡಲಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಪಟ್ಟಿ ಹರಿದು ಹಾಕಿದ್ದೇನೆ. ಯಾವಾಗ ಬೇಕಾದರೂ ಮಾಡಿ.

ಹಣದ ವಿಷಯದಲ್ಲಿ ನನ್ನನ್ನು ಉಳಿಸಿದ್ದು ಸ್ಟೇಷನ್ ರೋಡಿನಲ್ಲಿ ಟ್ಯಾಕ್ಸ್ ಕೆಲಸ ಮಾಡುವ ನನ್ನ ಹೈಸ್ಕೂಲ್ ಗೆಳೆಯ. ಕಂಪನಿ ಕೊಟ್ಟ ಲೆಕ್ಕದ ಹಾಳೆ ಕಳಿಸಿದ್ದೆ, ಹತ್ತು ನಿಮಿಷಕ್ಕೆ ಫೋನ್ ಬಂತು. ಗ್ರಾಚುಟಿ (ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಹಣ) ಅಂದರೆ ಆಗ ಕೊನೇ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ವರ್ಷಗಳ ಸಂಖ್ಯೆಯಿಂದ ಗುಣಿಸೋದಿತ್ತು. ಅವರು 25 ವರ್ಷ ಹಾಕಿದ್ದರು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕಿತ್ತು, ಅದು ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯಲ್ಲೇ ಇತ್ತು. ನನ್ನದು ಎಂಟು ತಿಂಗಳು. ಅಂದರೆ 26. ಒಂದು ಮೇಲ್ ಬರೆಸಿದ, ವ್ಯತ್ಯಾಸದ ಹಣ ಬಂತು. ಫೀಸು ಕೇಳಿದರೆ "ಒಂದ್ ಪ್ಲೇಟ್ ಮಿರ್ಚಿ ಭಜಿ ತಿನಸು" ಅಂದ. ನಾಲ್ಕು ಪ್ಲೇಟ್ ತಿಂದ. ನನ್ನ ಹಾಗೆ ಹೊರಗೆ ಬಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಹಾಳೆಯನ್ನು ಒಮ್ಮೆ ನೋಡಿಕೊಳ್ಳಿ.

ಮಾರ್ಚ್‌ನಲ್ಲಿ ಊರಿಗೆ ಬಂದೆ. ಮಗಳದ್ದು ಇಂಜಿನಿಯರಿಂಗ್ ಕೊನೇ ವರ್ಷ, ಹಾಗಾಗಿ ಅವರಿಬ್ಬರೂ ಬೆಂಗಳೂರಲ್ಲೇ ಉಳಿದರು. ಹಿಂದೆಲ್ಲ ಊರಿಗೆ ಬರೋದು ಅಂದರೆ ಒಂದು ರಾತ್ರಿಯ ಪ್ರಯಾಣ, ಈಗ ವಂದೇ ಭಾರತ್ ಮಧ್ಯಾಹ್ನ ಹತ್ತಿದರೆ ಅದೇ ರಾತ್ರಿ ಕಲಬುರಗಿಯಲ್ಲಿ ಇಳಿಸುತ್ತದೆ. ಮುಖಕ್ಕೆ ಏನು ಬಣ್ಣ ಹಚ್ಚಿಕೊಂಡು ಅವ್ವನ ಮುಂದೆ ನಿಲ್ಲೋದು ಅಂತ ಯೋಚನೆ ಮಾಡೋಕೂ ಟೈಮ್ ಸಿಗಲ್ಲ. ಅವ್ವ ಏನೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಒಲೆ ಹಚ್ಚಿ ಎರಡು ಬಿಸಿ ರೊಟ್ಟಿ ಬಡಿದಳು. ಪಟ್ ಪಟ್ ಅಂತ ಶುರುವಾಗಿ, ರೊಟ್ಟಿ ತೆಳ್ಳಗಾದಂತೆ ದನಿ ಬದಲಾಗುತ್ತಾ ಹೋಗುತ್ತದೆ ನೋಡಿ, ಅದನ್ನು ಕೇಳುತ್ತಾ ಅಡುಗೆ ಮನೆ ಹೊಸ್ತಿಲ ಮೇಲೆ ಕೂತಿದ್ದೆ. ಪುಂಡಿ ಪಲ್ಯ, ಶೇಂಗಾ ಹಿಂಡಿ. "ನಿಮ್ಮ ಆಫೀಸಿನ್ಯಾಗ ಇಂಥಾ ರೊಟ್ಟಿ ಸಿಗ್ತಾವೇನು?" ಅಂತ ಮಾತ್ರ ಕೇಳಿದಳು. ಇಲ್ಲ ಅಂದೆ. ವಿಷಯ ಅಲ್ಲಿಗೆ ಮುಗೀತು.

ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆಯ ಗದ್ದಲ ಶುರುವಾಗಿತ್ತು. ಸುಮ್ನೆ ಅಡ್ಡಾಡುತ್ತಾ ಮೈಕ್ ಸೆಟ್ ಚಾಚಾನ ಅಂಗಡಿಗೆ ಹೋದೆ. ಹೈಸ್ಕೂಲಿನಲ್ಲಿದ್ದಾಗ ಸಂಜೆ ಸಂಜೆ ಅವರ ಅಂಗಡಿಯಲ್ಲಿ ವೈರ್ ಸುತ್ತುತ್ತಿದ್ದೆ, ಪುಕ್ಕಟೆ. ವೈರನ್ನು ಒಂದು ಸುತ್ತು ಒಳಗೆ ಒಂದು ಸುತ್ತು ಹೊರಗೆ ಸುತ್ತಬೇಕು, ಆಗ ಬಿಚ್ಚಿದರೆ ಗಂಟಾಗಲ್ಲ ಅಂತ ನನಗೆ ಕಲಿಸಿದವರು ಅವರು, ಕಾಲೇಜಲ್ಲ. ಉರುಸಿಗೂ ಅವರದೇ ಸೆಟ್ಟು, ಜಾತ್ರೆಗೂ ಅವರದೇ. ಹಾರ್ನ್‌ಗಳನ್ನು ಬಯಲಿನ ತುಂಬ ಹಂಚಿ ಕಟ್ಟುತ್ತಿರಲಿಲ್ಲ, ನಡುವೆ ಒಂದೇ ಕಂಬಕ್ಕೆ ಎಲ್ಲ ಕಟ್ಟಿ ಹೊರಗೆ ಮುಖ ಮಾಡುತ್ತಿದ್ದರು. "ಆವಾಜ್ ಒಂದs ಕಡಿಂದ ಬರಬೇಕು ಬೇಟಾ, ಇಲ್ಲಂದ್ರ ಮಂದಿಗೆ ಮಾತು ತಿಳಿಯಂಗಿಲ್ಲ." ಶಬ್ದ ಗಾಳಿಯಲ್ಲಿ 34 ಮೀಟರ್ ಹೋಗೋಕೆ ಸುಮಾರು 100 ಮಿಲಿಸೆಕೆಂಡ್ ಬೇಕು, ಬೇರೆ ಬೇರೆ ದೂರದಿಂದ ಬೇರೆ ಬೇರೆ ಹೊತ್ತಿಗೆ ಬಂದ ಒಂದೇ ಪದ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ ಅಂತ ನನಗೆ ಪುಸ್ತಕದಲ್ಲಿ ಓದಿ ಗೊತ್ತಾಗುವಷ್ಟರಲ್ಲಿ ಹತ್ತು ವರ್ಷ ಆಗಿತ್ತು.

ಚಾಚಾಗೆ ಈಗ ವಯಸ್ಸಾಗಿದೆ, ಅಂಗಡಿ ಮಗನದ್ದು. ನನ್ನನ್ನು ನೋಡಿದವರೇ ಯಾಕೆ ಬಂದಿ, ಎಷ್ಟು ದಿನ ರಜೆ, ಯಾವುದೂ ಕೇಳಲಿಲ್ಲ. ಚಾ ತರಿಸಿದರು. ಬಸಿಗೆ ಸುರಿದುಕೊಂಡು ಊದುತ್ತಾ, ಮೂಲೆಯಲ್ಲಿದ್ದ ಮಿಕ್ಸರಿನ ಕಡೆ ಗೋಣು ಮಾಡಿದರು. (ಈ ಸಲ ನನ್ನ ಜಾತಿಯ ಮಿಕ್ಸರು, ಮೈಕುಗಳ ದನಿ ಬೆರೆಸುವುದು.) "ಎರಡ್ ದಿನ ಆಯ್ತು, ಗುಂಯ್ ಅನ್ಲಕತ್ತದ. ಇವ್ನಿಗಿ ತಿಳಿವಲ್ದು. ನೀ ನೋಡು." ಕಿವಿ ಇಟ್ಟೆ. ಕರೆಂಟಿನ ಹಮ್ಮು, 50 ಹರ್ಟ್ಝ್, ಅದರ ಮೇಲೆ 100ರ ಗುಂಯ್‌ಗಾಟ. ಮಿಕ್ಸರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಎದುರು ಗೋಡೆಯ ಪ್ಲಗ್ಗಿನಲ್ಲಿ. ಎರಡು ಕಡೆಯ ಅರ್ತಿಂಗ್ ಬೇರೆ ಬೇರೆ, ನಡುವೆ ಆಡಿಯೋ ಕೇಬಲ್ಲೇ ಸೇತುವೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ. ನಿಂತಿತು. ಅಂಗಡಿಯೇ ಒಮ್ಮೆಲೇ ಖಾಲಿಯಾದಂಗೆ ಆಯಿತು.

ಚಾಚಾ ಗಲ್ಲಾ ಪೆಟ್ಟಿಗೆ ತೆಗೆದು ಇನ್ನೂರು ರೂಪಾಯಿ ನೋಟು ಮುಂದೆ ಹಿಡಿದರು. ಬೇಡ ಚಾಚಾ ಅಂದೆ. ಅವರ ದನಿ ಸ್ವಲ್ಪ ಗಟ್ಟಿ ಆಯಿತು. "ಹುಡುಗ ಇದ್ದಾಗ ಪುಕಟ್ ದುಡಿಸ್ಕೊಂಡೀನಿ. ಈಗ ನೀ ಕೆಲ್ಸಾ ಬಲ್ಲವ. ಕೆಲ್ಸಕ್ಕ ಪಗಾರ ತಗೋಬೇಕು." ತಗೊಂಡೆ. ಯಾರೋ ಅವರಿಗೆ ಎಲ್ಲ ಹೇಳಿದ್ದಾರೆ ಅಂತ ಆಗ ಹೊಳೆಯಿತು. ಆ ನೋಟು ನನ್ನ ಪಾಕೀಟಿನಲ್ಲಿ ಇನ್ನೂ ಇದೆ, ಎರಡು ಸಲ ಪೆಟ್ರೋಲ್ ಬಂಕಿನಲ್ಲಿ ಕೊಡೋಕೆ ಹೋಗಿ ವಾಪಸ್ ಇಟ್ಟುಕೊಂಡಿದ್ದೇನೆ.

ಕಾಲೇಜಿನ ನಮ್ಮ ಸರ್, ರಿಟೈರ್ ಆಗಿ ಎಷ್ಟೋ ವರ್ಷ ಆದವರು, ಒಂದು ಬೆಳಿಗ್ಗೆ ಕೋಟೆಗೆ ಕರೆದುಕೊಂಡು ಹೋದರು. ಒಳಗಿನ ಜಾಮಿಯಾ ಮಸೀದಿ ನೋಡಿದವರಿಗೆ ಗೊತ್ತು, 1367ರದ್ದು, ಉಳಿದ ಕಡೆ ಇರುವಂತೆ ನಡುವೆ ತೆರೆದ ಅಂಗಳ ಇಲ್ಲ, ಇಡೀ ಕಟ್ಟಡಕ್ಕೆ ಚಾವಣಿ. ಕಮಾನಿನ ಹಿಂದೆ ಕಮಾನು. ಸಮಾಧಾನ ಹೇಳೋಕೆ ಕರೆದಿದ್ದಾರೆ ಅಂದುಕೊಂಡಿದ್ದೆ. ಅವರು ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಅದು ಆರುವವರೆಗೆ ಕಾದು, "ಆರ್‌ಟಿ60 ಎಷ್ಟಂತಿ?" ಅಂದರು. ದನಿ 60 ಡೆಸಿಬೆಲ್ ಇಳಿಯೋಕೆ ಎಷ್ಟು ಹೊತ್ತು ಅಂತ. ನಾನೊಂದು ಹೇಳಿದೆ, ಅವರೊಂದು ಹೇಳಿದರು, ಅರ್ಧ ಗಂಟೆ ಜಗಳ ಆಯಿತು. ಹೊರಗೆ ಬರುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ ತತ್ವಪದ ಹಾಡೋ ಮುದುಕಿ ಇದ್ದಾಳೆ, ಅವಳ ಹತ್ತಿರ ಇರೋ ಪದ ಎಲ್ಲೂ ಬರೆದಿಟ್ಟಿಲ್ಲ, ಮೊಬೈಲಿನಲ್ಲಿ ಮಾಡಿದ್ದು ನೋಡು, ಬರೀ ತಾಳ ಕೇಳ್ತದ. ನೀನು ಮಾಡು.

ಮೇ ತಿಂಗಳಲ್ಲಿ ಬಂದರು. ಅಜ್ಜಿ, ಏಕತಾರಿಯವರು, ತಾಳದವರು, ದಮ್ಮಡಿ ಅನ್ನೋ ಚರ್ಮವಾದ್ಯದವರು. ಜಾಗ ನಮ್ಮ ಮನೆಯ ಮೇಲಿನ ಕೋಣೆ. ಕೆಳಗೆ ಶಹಾಬಾದ್ ಫರ್ಸಿ ಕಲ್ಲು, ಮೇಲೆ ಫರ್ಸಿ, ಸುಣ್ಣದ ಗೋಡೆ. ಚಪ್ಪಾಳೆ ತಟ್ಟಿದರೆ ಟರ್ರ್ ಅನ್ನುತ್ತಿತ್ತು. ಬೆಂಗಳೂರಿನಲ್ಲಾದರೆ ಫೋಮ್ ಆರ್ಡರ್ ಮಾಡುತ್ತಿದ್ದೆ. ಇಲ್ಲಿ ಅವ್ವ ಪೆಟ್ಟಿಗೆಯಿಂದ ನಾಲ್ಕು ಕೌದಿ ತೆಗೆದುಕೊಟ್ಟಳು. ಸಾಲಲಿಲ್ಲ. ಅಂಗಳಕ್ಕೆ ಹೋಗಿ ಒಂದು ಕೂಗು ಹಾಕಿದಳು, ಅಷ್ಟೇ. ಎದುರು ಮನೆ ವೈನಿ, ಹಿಂದಿನ ಮನೆ ಮೌಶಿ, ಮೂಲೆ ಮನೆ ಭಾಭಿ, ಒಬ್ಬೊಬ್ಬರು ಒಂದೊಂದು ಕೌದಿ ಹೊತ್ತುಕೊಂಡು ಬಂದರು. ಹಳೇ ಸೀರೆ, ಹಳೇ ಧೋತರ ಪದರು ಪದರು ಹಾಕಿ ಹೊಲಿದ ಕೌದಿಗಿಂತ ಒಳ್ಳೇದು ಈ ಕೆಲಸಕ್ಕೆ ಬೇಕಿಲ್ಲ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ಹಗ್ಗಕ್ಕೆ ನೇತು ಹಾಕಿದೆ, ಆಗ ಸ್ವಲ್ಪ ಕೆಳಗಿನ ಸ್ವರಗಳನ್ನೂ ಹೀರುತ್ತದೆ. ಮತ್ತೆ ಚಪ್ಪಾಳೆ ತಟ್ಟಿದೆ. ಟರ್ರ್ ಇಲ್ಲ.

ಫ್ಯಾನ್ ಬಂದ್ ಮಾಡಬೇಕಿತ್ತು. ಹೊರಗೆ 43 ಡಿಗ್ರಿ. "ಫ್ಯಾನ್ ಬಂದ್ ಮಾಡಿ ಹಾಡಂದ್ರ ಹ್ಯಾಂಗ್ ಹಾಡ್ಲೋ ಯಪ್ಪಾ" ಅಂದಳು ಅಜ್ಜಿ. ಇನ್ನೊಂದು ತೊಂದರೆ ದಮ್ಮಡಿ. ಅದರ ಏಟು ಅಜ್ಜಿಯ ದನಿಯನ್ನು ನುಂಗುತ್ತಿತ್ತು. ಅವರನ್ನು ದೂರ ಕೂಡಿಸಿದರೆ ಅಜ್ಜಿ ಹಾಡೋದೇ ಇಲ್ಲ, ಮೊಳಕಾಲಿಗೆ ಮೊಳಕಾಲು ತಾಗಬೇಕು ಅವರಿಗೆ. ಮೈಕನ್ನು ತಿರುಗಿಸುತ್ತಾ ತಿರುಗಿಸುತ್ತಾ ನೋಡಿದೆ. ಮುಂದಿನಿಂದ ಮಾತ್ರ ಕೇಳಿಸಿಕೊಂಡು ಬೆನ್ನಿಗೆ ಕಿವುಡಾಗಿರುವ ಮೈಕು ಅದು, ಕಾರ್ಡಿಯಾಯ್ಡ್ ಅಂತಾರೆ. ಕೊನೆಗೆ ಅಜ್ಜಿಯ ಗದ್ದದ ಕೆಳಗೆ ಇಟ್ಟು, ಅದರ ಬೆನ್ನು ನೆಟ್ಟಗೆ ದಮ್ಮಡಿಯ ಕಡೆ ಬರುವ ಹಾಗೆ ಮಾಡಿದೆ. ನಲವತ್ತು ನಿಮಿಷ ಬೆವರು ಒರೆಸಿಕೊಳ್ಳದೆ ಹಾಡಿದಳು. ನಾನೂ ಒರೆಸಿಕೊಳ್ಳಲಿಲ್ಲ, ಸದ್ದಾಗುತ್ತದೆ ಅಂತ.

ಮುಗಿದ ಮೇಲೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ತನ್ನ ದನಿ ತಾನು ಹೀಗೆ ಕೇಳಿದ್ದು ಅವಳಿಗೆ ಮೊದಲ ಸಲ. ಎರಡು ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತಳು. ಆಮೇಲೆ, "ಇದು ನಾ ಅಲ್ಲೋ ತಮ್ಮಾ, ನಮ್ಮವ್ವ ಹಾಡ್ದಂಗ ಅದ" ಅಂದಳು. ನಮ್ಮ ದನಿ ನಮಗೆ ತಲೆಯ ಎಲುಬಿನ ಮೂಲಕವೂ ಕೇಳುತ್ತದೆ, ಅದಕ್ಕೇ ರೆಕಾರ್ಡ್ ಆದದ್ದು ಬೇರೆ ಅನ್ನಿಸುತ್ತದೆ ಅಜ್ಜಿ, ಅಂತ ವಿವರಿಸೋಕೆ ಬಾಯಿ ತೆಗೆದಿದ್ದೆ. ಮುಚ್ಚಿಕೊಂಡೆ. ಅಜ್ಜಿ, ನಿನಗೆ ಶರಣು.

ಈಗ ಹೇಗಿದ್ದೀನಿ ಅಂತ ಕೇಳುವವರಿಗೆ: ಪರವಾಗಿಲ್ಲ. ಹಳೇ ಸಂಬಳದ ಕಾಲು ಭಾಗವೂ ಬರುತ್ತಿಲ್ಲ, ಸುಳ್ಳು ಹೇಳಲ್ಲ. ಪಂಡಿತ ರಂಗಮಂದಿರದ ಕಾರ್ಯಕ್ರಮಗಳಿಗೆ ಚಾಚಾನ ಮಗನ ಜೊತೆ ಹೋಗುತ್ತೇನೆ, ಎರಡು ಸಣ್ಣ ಕಂಪನಿಗಳಿಗೆ ಮನೆಯಿಂದಲೇ ಹಳೇ ಕೆಲಸ ಮಾಡಿಕೊಡುತ್ತೇನೆ, ಉಳಿದ ಹೊತ್ತು ಆ ಮೇಲಿನ ಕೋಣೆ. ಐವತ್ತು ದಾಟಿದ ಕಿವಿಗೆ ತೀರಾ ಮೇಲಿನ ಸ್ವರ ಕೇಳಲ್ಲ, ನನ್ನದು 12 ಕಿಲೋಹರ್ಟ್ಝ್ ಆದ ಮೇಲೆ ಬರೀ ಮೌನ. ಹಾಗಾಗಿ ಪ್ರತಿ ರೆಕಾರ್ಡಿಂಗ್ ಮಗಳಿಗೆ ಹೋಗುತ್ತದೆ. "ಪಪ್ಪಾ, ಮೂರನೇ ಹಾಡಲ್ಲಿ ಯಾವುದೋ ಚಾರ್ಜರ್ ಕುಂಯ್ ಅಂತಿದೆ" ಅಂತ ಮೆಸೇಜ್ ಬರುತ್ತದೆ. ನನ್ನ ಮೇಲಿನ ನಾಲ್ಕೈದು ಕಿಲೋಹರ್ಟ್ಝ್ ಅವಳೇ. ಥ್ಯಾಂಕ್ಸ್ ಪುಟ್ಟಿ.

ಕೊನೆಗೆ ಒಂದು ಕೆಲಸದ ಮಾತು. ನಮ್ಮ ಓಣಿಯವರಿಗೆ. ನಿಮ್ಮ ಹತ್ತು ಕೌದಿಗಳಲ್ಲಿ ಆರು ಇನ್ನೂ ನನ್ನ ಗೋಡೆಯ ಮೇಲೇ ಇವೆ, ಈ ಚಳಿಗಾಲ ಅವಿಲ್ಲದೇ ಕಳೆದಿರಿ, ಒಬ್ಬರೂ ಕೇಳಲಿಲ್ಲ. ಗಾದಿ ಅಂಗಡಿಯವರಿಗೆ ಹೇಳಿ ಬೇರೆ ಮಾಡಿಸಿದ್ದೇನೆ, ಈ ಭಾನುವಾರ ಇವನ್ನು ಇಳಿಸುತ್ತೇನೆ. ಅವ್ವ ಒಗೆದು ಒಣಗಿಸಿ ಕೊಡುತ್ತಾಳಂತೆ. ಐದು ಯಾರವು ಅಂತ ಗುರುತಿದೆ. ಕೆಂಪು ಅಂಚು, ನಡುವೆ ಹಸಿರು ಇಳಕಲ್ ಸೀರೆಯ ತುಂಡು ಇರೋದು ಯಾರದು?